ಎರಡನೇ ಶನಿವಾರದ ಮಡಿಕೇರಿ

ನಮ್ಮ ಸೌಮ್ಯಳ ಮುಖವನ್ನು ಪೂರ್ತಿಯಾಗಿ ನೋಡಿದವರು ಊರಲ್ಲಿ ನಾಲ್ಕೈದು ಜನ ಇದ್ದರೆ ಹೆಚ್ಚು. ಕುಶಾಲನಗರದಿಂದ ಎರಡು ಮೈಲಿ ಆಚೆಗಿರುವ ನಮ್ಮ ಊರಲ್ಲಿ ಅವಳು ಹಿಟ್ಟಿನ ಮಿಲ್ಲು ನಡೆಸುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಮೋಟರ್ ಹಾಕಿದರೆ ಸಂಜೆ ನಿಲ್ಲಿಸುವವರೆಗೂ ಮೂಗಿನಿಂದ ಕತ್ತಿನವರೆಗೆ ಒಂದು ತೆಳು ಟವೆಲ್ ಸುತ್ತಿಕೊಂಡೇ ಇರುತ್ತಿದ್ದಳು. ರಾಗಿ ಬೀಸಿಸಲು ಬಂದವರು, ಖಾರದ ಪುಡಿ ಮಾಡಿಸಲು ಬಂದವರು, ಎಲ್ಲರೂ ಅದು ಧೂಳಿಗೆ ಎಂದುಕೊಂಡಿದ್ದರು. "ಸೌಮ್ಯಕ್ಕನ ನೋಡಿ ಕಲೀರಿ, ಆರೋಗ್ಯದ ಮೇಲೆ ಎಷ್ಟು ನಿಗಾ" ಎಂದು ಅಂಗನವಾಡಿಯವಳು ನನ್ನೆದುರಿಗೇ ಹೊಗಳಿದ್ದುಂಟು. ನಾನು ಹೂಂ ಎಂದಿದ್ದೆ.

ನಾನು ಅವಳ ಚಿಕ್ಕವ್ವ, ಅವಳ ತಾಯಿ ಮುತ್ತಮ್ಮನ ತಂಗಿ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರವರು ಅನ್ನುತ್ತಾರೆ, ಸುಳ್ಳಲ್ಲ. ಕಥೆ ಹೇಳುವವರು ಮುಖ್ಯವಾದ್ದನ್ನು ಬಚ್ಚಿಟ್ಟು ಕೊನೆಗೆ ತೆಗೆದು ತೋರಿಸುತ್ತಾರೆ. ನನಗೆ ಆ ಚಾಳಿ ಇಲ್ಲ, ಈಗಲೇ ಹೇಳಿಬಿಡುತ್ತೇನೆ. ಸೌಮ್ಯಳಿಗೆ ಗಲ್ಲದ ಮೇಲೆ, ದವಡೆಯ ಕೆಳಗೆ ಗಂಡಸರ ಹಾಗೆ ಕೂದಲು ಬೆಳೆಯುತ್ತಿತ್ತು. ಅವಳ ಎಡ ಎದೆಯಲ್ಲಿ ಒಂದು ಗಂಟೂ ಇತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗುವ ಮುಂಚೆ ಮುಖ ಚೊಕ್ಕಟ ಮಾಡಿಕೊಳ್ಳಬೇಕೆಂದು ಅವಳು ಆರು ತಿಂಗಳು ಮಡಿಕೇರಿಗೆ ಓಡಾಡಿದಳು. ಗಂಟು ಅಷ್ಟು ದಿನ ಕಾಯಲಿಲ್ಲ.

ಆ ಕೂದಲು ಅವಳಿಗೆ ಬಂದದ್ದು ತಾಯಿಯಿಂದ. ನನ್ನ ಅಕ್ಕ ಮುತ್ತಮ್ಮನಿಗೂ ಹಾಗೇ ಇತ್ತು. ನನಗೆ ಬರಲಿಲ್ಲ, ಅದು ನನ್ನ ಪುಣ್ಯವೇನೂ ಅಲ್ಲ. ಅಕ್ಕ ಪ್ರತಿ ಶುಕ್ರವಾರ ನೀರೊಲೆಯ ಮುಂದೆ ಕೂತು, ತಣ್ಣಗಾದ ಬೂದಿಯನ್ನು ಬೆರಳಿಗೆ ಮೆತ್ತಿಕೊಂಡು, ಒಂದೊಂದೇ ಕೂದಲನ್ನು ಕೀಳುತ್ತಿದ್ದಳು. ಬೂದಿ ಇದ್ದರೆ ಕೂದಲು ಬೆರಳಿನಿಂದ ಜಾರುವುದಿಲ್ಲ. ಆಮೇಲೆ ಕಸ್ತೂರಿ ಅರಿಸಿನ ಹಚ್ಚಿ ಎಣ್ಣೆನೀರು ಹಾಕಿಕೊಳ್ಳುತ್ತಿದ್ದಳು. ಮಗಳಿಗೆ ಹದಿನೈದು ತುಂಬಿದಾಗ ಇಬ್ಬರೂ ಒಲೆಯ ಮುಂದೆ ಎದುರುಬದುರು ಕೂರತೊಡಗಿದರು. ಬಚ್ಚಲಮನೆಯ ಬಾಗಿಲು ಹಾಕಿರುತ್ತಿತ್ತು. ಭಾವ ಸಣ್ಣಸ್ವಾಮಿ ಆ ಹೊತ್ತಿಗೆ ಸರಿಯಾಗಿ ಗದ್ದೆಯ ಕಡೆ ಹೊರಡುತ್ತಿದ್ದರು. ಅವರಿಗೆ ಏನೂ ಗೊತ್ತಿಲ್ಲ ಎಂದು ಬಹಳ ಕಾಲ ನಂಬಿದ್ದೆ.

ಸೌಮ್ಯಳನ್ನು ನೋಡಲು ಎರಡು ಸಲ ಗಂಡಿನವರು ಬಂದಿದ್ದರು. ಎರಡನೆಯವರು ಪಿರಿಯಾಪಟ್ಟಣದ ಕಡೆಯವರು. ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, "ಇತ್ಲಾಗ್ ಬಾರವ್ವ, ಕಿಟಕಿ ತಾವ ಕೂತ್ಕ" ಎಂದಳು. ಸೌಮ್ಯ ಹೋಗಿ ಕೂತಳು. ಆ ಹೆಂಗಸು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದಳು. ಹೋದವರು ಹೇಳಿಕಳಿಸುತ್ತೇವೆ ಎಂದರು, ಹೇಳಿಕಳಿಸಲಿಲ್ಲ. ಆ ವಾರವೇ ಸೌಮ್ಯ ಅಪ್ಪನ ಹತ್ತಿರ ಮಿಲ್ಲಿನ ಕೀಲಿ ಕೇಳಿ ತೆಗೆದುಕೊಂಡಳು. ಟವೆಲ್ ಅಂದಿನಿಂದ ಶುರು.

ಈಗ ನನ್ನ ತಪ್ಪಿನ ಮಾತು. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದಳು. ಕೈ ಆಡುತ್ತಿರಲಿಲ್ಲ. ಬೂದಿ ಎಲ್ಲಿಂದ ಬರಬೇಕು? ಸೌಮ್ಯ ನೆಂಟರು ಬರುವ ಹೊತ್ತಿಗೆ ಹೊದಿಕೆಯನ್ನು ತಾಯಿಯ ಗಲ್ಲದವರೆಗೆ ಎಳೆಯುತ್ತಿದ್ದಳು, ನರ್ಸ್ ಬಂದು ಕೆಳಗೆ ಸರಿಸುತ್ತಿದ್ದಳು. ಹದಿಮೂರನೇ ದಿನ ಅಕ್ಕ ತೀರಿಕೊಂಡಳು. ಹೆಣ ಮನೆಗೆ ಬಂತು. ಮುತ್ತೈದೆಯಾಗಿ ಹೋದವಳು ಎಂದರೆ ನಮ್ಮಲ್ಲಿ ಅದೊಂದು ದೊಡ್ಡಸ್ತಿಕೆ. ಬೀದಿಯ ಹೆಂಗಸರೆಲ್ಲ ಬಂದು ಮುಖಕ್ಕೆ ಅರಿಸಿನ ಬಳಿದು, ಅಗಲವಾಗಿ ಕುಂಕುಮ ಇಟ್ಟು, ಆ ಕುಂಕುಮವನ್ನೇ ತಮ್ಮ ಹಣೆಗೂ ಮುಟ್ಟಿಸಿಕೊಳ್ಳುತ್ತಾರೆ.

ನೀರು ಹೊಯ್ಯುವ ಮುಂಚೆ ಸೌಮ್ಯ ನನ್ನ ಕಿವಿಯ ಹತ್ತಿರ ಬಂದು, "ಚಿಕ್ಕವ್ವ, ಎಲ್ರೂ ಸ್ವಲ್ಪ ಹೊರಗಿರ್ಲಿ. ಒಂದ್ ಬ್ಲೇಡ್ ಕೊಡು, ಅವ್ವನ ಮುಖ ಕ್ಲೀನ್ ಮಾಡ್ತೀನಿ" ಎಂದಳು.

ನಾನು ಪಿಸುಗುಟ್ಟಲಿಲ್ಲ. ತರಗತಿಯಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. "ಬ್ಯಾಡ. ಮುತ್ತೈದೆ ಮುಖಕ್ಕೆ ಬ್ಲೇಡ್ ತಾಗಿಸಬಾರ್ದು. ಹೆಣ್ಣಿನ ಮುಖಕ್ಕೇ ತಾಗಿಸಬಾರ್ದು. ಗಂಡ ಸತ್ತ ಮುಂಡೇರ್ಗೆ ಮಾಡೋ ಕೆಲ್ಸ ಅದು."

ಇದು ಯಾವ ಶಾಸ್ತ್ರದಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ನಮ್ಮಜ್ಜಿ ಹೇಳುತ್ತಿದ್ದಳು, ಅಷ್ಟೇ. ಯಾರೂ ಕೇಳಲಿಲ್ಲ. ನನ್ನ ಮಾತು ಅಲ್ಲಿದ್ದವರಿಗೆಲ್ಲ ಕೇಳಿಸಿತ್ತು, ಆದ್ದರಿಂದ ಎಲ್ಲರೂ ಬಗ್ಗಿ ನೋಡಿದರು. ಬಿಳಿ ಕೂದಲಿಗೆ ಅರಿಸಿನ ಮೆತ್ತಿಕೊಂಡು ಅಕ್ಕನ ಗಲ್ಲ ಹಳದಿ ಗಡ್ಡವಾಯಿತು. ಪಕ್ಕದ ಬೀದಿಯ ಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅದು ಅಳುವಿಗೆ ಇಟ್ಟುಕೊಂಡದ್ದಲ್ಲ. ಐವತ್ತು ವರ್ಷ ಬಾಗಿಲು ಹಾಕಿಕೊಂಡು ಬಚ್ಚಿಟ್ಟದ್ದನ್ನು ನನ್ನ ಅಕ್ಕ ಒಂದು ಮಧ್ಯಾಹ್ನದಲ್ಲಿ ಊರಿಗೆಲ್ಲ ತೋರಿಸಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದಾದ ಆರು ತಿಂಗಳಿಗೆ, ದಸರಾ ಮುಗಿದ ವಾರ, ಸೌಮ್ಯ ನನ್ನ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ ಟವೆಲ್ ತೆಗೆದಳು.

"ಚಿಕ್ಕವ್ವ, ಎರಡನೇ ಶನಿವಾರ ಮಡಿಕೇರಿ ನೋಡ್ಕಂಡ್ ಬರನ ಬಾ."

"ಮಡಿಕೇರೀಲಿ ಏನೈತೆ ನೋಡಕ್ಕೆ? ಮಕ್ಳನ್ನ ಕರ್ಕಂಡು ಹತ್ತು ಸಾರಿ ಹೋಗಿವ್ನಿ" ಎಂದೆ.

"ನಾನು ಹೋಗಿಲ್ವಲ್ಲ."

ನಿಜ. ಮೂವತ್ತೇಳು ವರ್ಷದ ಹೆಂಗಸು, ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ರಾಜಾಸೀಟು ನೋಡಿರಲಿಲ್ಲ. ಎಲ್ಲೆಲ್ಲಿಂದಲೋ ಕಾರು ಮಾಡಿಕೊಂಡು ಬರುವವರು ನಮ್ಮ ಊರಿನ ಮುಂದೆಯೇ ಮಡಿಕೇರಿಗೆ ಹೋಗುತ್ತಾರೆ. ನಮ್ಮ ಪೈಕಿಯವರು ಮಡಿಕೇರಿಗೆ ಹೋಗುವುದು ಕೋರ್ಟಿಗೆ, ಕಚೇರಿಗೆ.

ಬಸ್ಸು ಸುಂಟಿಕೊಪ್ಪ ದಾಟಿದ ಮೇಲೆ ನಿಜ ಹೇಳಿದಳು. ಮಡಿಕೇರಿಯಲ್ಲಿ ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ, ಎರಡನೇ ಶನಿವಾರ, ಲೇಸರ್ ಮಷೀನು ಬರುತ್ತದೆ. ಮೊಬೈಲಿನಲ್ಲಿ ನೋಡಿ ಫೋನ್ ಮಾಡಿದ್ದಳು. ಆರು ಸಾರಿ ಹೋಗಬೇಕು. ಕುಶಾಲನಗರದಲ್ಲಿ ಎಲ್ಲರೂ ಗುರುತಿನವರು, ಮೈಸೂರಲ್ಲಿ ಬೀದಿಗೊಬ್ಬ ನೆಂಟ. ಮಡಿಕೇರಿಯಲ್ಲಿ ನಮಗೆ ಯಾರೂ ಇಲ್ಲ.

"ಅದ್ರಲ್ಲಿ ಬ್ಲೇಡ್ ಇರಲ್ಲ ಚಿಕ್ಕವ್ವ. ಬರೀ ಬೆಳಕು" ಎಂದಳು. ಅದನ್ನು ನನಗೆ ಸಮಾಧಾನ ಹೇಳುವವಳ ಹಾಗೆ ಹೇಳಿದಳು. ಆಗ ನನಗೆ ಅದು ಹೊಳೆಯಲಿಲ್ಲ.

ಕ್ಲಿನಿಕ್ಕು ಮೇಲಿನ ಮಹಡಿಯಲ್ಲಿತ್ತು. ಲೇಸರ್ ಹಿಡಿಯುವ ಹುಡುಗಿಯ ಹೆಸರು ಆಶ್ರಿತಾ. ಮಡಿಕೇರಿಯವಳೇ, ಅರ್ಚಕರ ಮನೆಯ ಹುಡುಗಿ, ಮಾತು ಮೃದು. ಸೌಮ್ಯಳ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಮಲಗಿಸಿ, ಗಲ್ಲಕ್ಕೆ ತಣ್ಣನೆಯ ಜೆಲ್ ಸವರಿದಳು. "ರಬ್ಬರ್ ಬ್ಯಾಂಡಲ್ಲಿ ಹೊಡೆದ ಹಾಗೆ ಆಗುತ್ತೆ ಆಂಟಿ, ತಡ್ಕೊಳ್ಳಿ" ಎಂದಳು. ಮಷೀನು ಟಕ್ ಟಕ್ ಎಂದಿತು. ಸೌಮ್ಯ ನನ್ನ ಕೈಯನ್ನು ಹಿಡಿದುಕೊಂಡಿದ್ದಳು, ಒಂದು ಸಲವೂ ಬಿಗಿ ಮಾಡಲಿಲ್ಲ. ಕೂದಲು ಸುಟ್ಟ ವಾಸನೆ ಬರುತ್ತದೆ ಎಂದು ಆಶ್ರಿತಾ ಮೊದಲೇ ಹೇಳಿದ್ದಳು. ಅಂಥಾ ವಾಸನೆಯೇನೂ ಬರಲಿಲ್ಲ.

ಮುಗಿದ ಮೇಲೆ ಆ ಹುಡುಗಿ ಒಂದು ಚೀಟಿ ಕೊಟ್ಟು ಬಾಯಲ್ಲೂ ಹೇಳಿದಳು. "ಬಿಸಿಲಿಗೆ ಹೋಗಬೇಡಿ. ನಾಳೆವರೆಗೆ ಬಿಸಿನೀರು ಬೇಡ. ಮುಖ್ಯವಾಗಿ, ಕೂದಲು ಕೀಳಬಾರ್ದು, ದಾರ ಹಾಕಿಸಬಾರ್ದು. ಬರೋ ಹಿಂದಿನ ದಿನ ಶೇವ್ ಮಾಡ್ಕೊಂಡು ಬನ್ನಿ, ಸಾಕು. ಬೇರು ಒಳಗೇ ಇರಬೇಕು, ಬೆಳಕು ಬೇರನ್ನೇ ಸುಡೋದು. ಗೊತ್ತಾಯ್ತಲ್ಲ?"

ಸೌಮ್ಯ ತಲೆ ಆಡಿಸಿದಳು. ನಾನೂ ಆಡಿಸಿದೆ.

ಹೊರಗೆ ಬಂದರೆ ಅವಳ ಗಲ್ಲ ಮಾಗಿದ ಟೊಮೆಟೊ ಹಾಗೆ ಕೆಂಪಾಗಿತ್ತು. ಆ ಕೆಂಪು ಇಳಿಯದೆ ಊರಿಗೆ ಹೋಗುವ ಹಾಗಿಲ್ಲ. ಇಳಿಯಲು ನಾಲ್ಕೈದು ಗಂಟೆ ಬೇಕು. ಭಾವನಿಗೆ ಮಡಿಕೇರಿ ನೋಡಲು ಹೋಗುತ್ತೇವೆ ಎಂದು ಹೇಳಿದ್ದೆವಲ್ಲ, ನೋಡಲೇಬೇಕಾಯಿತು. ಕೊಡೆ ಬಿಚ್ಚಿಕೊಂಡು ರಾಜಾಸೀಟಿಗೆ ಹೋದೆವು. ಬಿಸಿಲಿಲ್ಲದ ಕಡೆ ಹುಡುಕಿ ಒಂದು ಕಲ್ಲುಬೆಂಚಿನ ಮೇಲೆ ಕೂತೆವು. ಕೆಳಗೆ ಕಣಿವೆ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಎಲ್ಲರೂ ಕಟಕಟೆಗೆ ಒರಗಿ ಮುಖ ಹಿಂದೆ ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಸೌಮ್ಯ ಬಹಳ ಹೊತ್ತು ಬೆಟ್ಟ ನೋಡಲಿಲ್ಲ, ಆ ಹೆಣ್ಣುಮಕ್ಕಳ ಮುಖಗಳನ್ನೇ ನೋಡುತ್ತಿದ್ದಳು.

"ಎಷ್ಟ್ ಹತ್ರದಿಂದ ತೆಗೀತಾರೆ ನೋಡು ಚಿಕ್ಕವ್ವ" ಎಂದಳು.

ಅಪ್ಪನಿಗೆ ತೋರಿಸಲು ಒಂದು ಫೋಟೊ ಬೇಕಿತ್ತು. ದುಪಟ್ಟಾ ಮೂಗಿಗೆ ಮುಚ್ಚಿ ನಿಂತಳು, ನಾನು ತೆಗೆದೆ. ಗಾಳಿ ಜಾಸ್ತಿ ಇತ್ತು ಎಂದು ಮನೆಯಲ್ಲಿ ಹೇಳಿದೆವು. ಭಾವ ಫೋನನ್ನು ದೂರ ಹಿಡಿದು ನೋಡಿ, "ಬೆಟ್ಟ ಚೆನ್ನಾಗೈತೆ" ಎಂದರು.

ಹೀಗೆ ನಾವು ಮಡಿಕೇರಿಯನ್ನು ನೆರಳಿನ ಲೆಕ್ಕದಲ್ಲಿ ನೋಡಿದೆವು. ಎರಡನೇ ಸಲ ಕೋಟೆ. ಅಂಗಳದ ಗಾರೆ ಆನೆಗಳ ಹತ್ತಿರ ಬಿಸಿಲು ರಾಚುತ್ತಿತ್ತು, ಆದ್ದರಿಂದ ಹಳೇ ಚರ್ಚಿನ ಮ್ಯೂಸಿಯಮ್ಮಿನ ಒಳಗೆ ಮೂರು ಗಂಟೆ ಕಳೆದೆವು. ಅಲ್ಲಿನ ಕಲ್ಲಿನ ಮೂರ್ತಿಗಳೆಲ್ಲ ನನಗೆ ಬಾಯಿಪಾಠವಾದವು. ಒಬ್ಬ ದೇವಿಯ ಗಲ್ಲವನ್ನು ಸೌಮ್ಯ ಬೆರಳಿಂದ ಸವರಿ, "ಇವಳಿಗೆ ಯಾರ್ ಮಾಡಿದ್ರೋ, ನೈಸಾಗೈತೆ" ಎಂದು ನಕ್ಕಳು. ಕಾವಲಿನವನು ಮುಟ್ಟಬಾರದು ಎಂದು ಕೂಗಿದ. ಆ ದಿನ ಅವಳು ನಿಜವಾಗಿ ಸಂತೋಷವಾಗಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ರೀಮ್ ಕೊಡಿಸಿ, "ಆರು ಆಗ್ಲಿ, ಟವೆಲ್ ಸುಟ್ ಹಾಕ್ತೀನಿ" ಎಂದಳು.

ಆದರೆ ಪ್ರತಿ ಸಲವೂ ಹತ್ತು ಹದಿನೈದು ದಿನಕ್ಕೆ ಕೂದಲು ಮೊದಲಿನ ಹಾಗೇ ಹುಟ್ಟುತ್ತಿತ್ತು. ಮೂರನೇ ಸಲ ಕೇಳಿದ್ದಕ್ಕೆ ಡಾಕ್ಟರಮ್ಮ, ಕೆಲವರಿಗೆ ನಿಧಾನ ಎಂದರು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ ಚಿಕ್ಕವ್ವ, ಇದ್ನೇ ನೋಡಿ ಅಂದಿರ್ಬೇಕು" ಎಂದು ಸೌಮ್ಯ ತಮಾಷೆ ಮಾಡಿದಳು. ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಆಶ್ರಿತಾ ಮಾತ್ರ ಪ್ರತಿ ಸಲ, "ಎಷ್ಟು ನೀಟಾಗಿ ಶೇವ್ ಮಾಡ್ಕೊಂಡು ಬರ್ತೀರ ಆಂಟಿ" ಎಂದು ಮೆಚ್ಚುತ್ತಿದ್ದಳು.

ನಾಲ್ಕನೇ ಸಲ, ಸಂಕ್ರಾಂತಿಯ ಹತ್ತಿರ, ಗದ್ದಿಗೆಗೆ ಹೋದೆವು. ಕೊಡಗಿನ ರಾಜರ ಸಮಾಧಿಗಳು ಅವು, ಮೇಲೆ ಗುಮ್ಮಟ, ಸುತ್ತ ಹುಲ್ಲು. ಜನ ಕಡಿಮೆ. ಗೋಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಸೌಮ್ಯ ರೊಟ್ಟಿ ಮುರಿಯಲು ಎಡಗೈ ಎತ್ತಿದವಳು ಮುಖ ಕಿವುಚಿ ಕೈ ಇಳಿಸಿದಳು.

"ಏನಾಯ್ತೇ?"

"ಏನಿಲ್ಲ."

ನನಗೆ ಏನಿಲ್ಲ ಎನ್ನುವ ಮಕ್ಕಳ ಮುಖ ಗೊತ್ತು. ಬಿಡಲಿಲ್ಲ. ಕೊನೆಗೆ ಅವಳು ನನ್ನ ಕೈ ತೆಗೆದುಕೊಂಡು ದುಪಟ್ಟಾದ ಒಳಗೆ ಇಟ್ಟುಕೊಂಡಳು. ಹುಣಸೇಬೀಜದಷ್ಟಲ್ಲ, ನಿಂಬೆಕಾಯಷ್ಟು ದಪ್ಪದ ಗಂಟು. ಕಲ್ಲಿನ ಹಾಗೆ ಗಟ್ಟಿ.

"ಯಾವತ್ತಿಂದ?"

"ಅವ್ವ ಇದ್ದಾಗಿಂದ್ಲೂ ಐತೆ. ಆಗ ಸಣ್ಣಕ್ಕಿತ್ತು. ದೀಪಾವಳಿ ಆದ್ಮೇಲೆ ಮೈಸೂರಿಗೆ ಒಬ್ಳೇ ಹೋಗಿ ತೋರಿಸ್ದೆ. ಸೂಜಿ ಹಾಕಿ ನೋಡಿದ್ರು. ಕೂಡ್ಲೇ ಆಪರೇಷನ್ ಮಾಡಿಸ್ಬೇಕು ಅಂದ್ರು."

"ಕೂಡ್ಲೇ ಅಂದ್ರಾ? ದೀಪಾವಳಿಗೆ ಕೂಡ್ಲೇ ಅಂದೋರ ಮಾತ್ನ ಸಂಕ್ರಾಂತಿವರ್ಗೂ ಕಟ್ಕಂಡು ಕೂತಿದ್ದೀಯಾ? ತಲೆ ಕೆಟ್ಟೈತಾ ನಿಂಗೆ?"

ನಾನು ಕೂಗಿದ್ದು ಗುಮ್ಮಟದೊಳಗೆ ಹೋಗಿ ಬಂತು. ಅಲ್ಲಿದ್ದ ಒಂದೆರಡು ಪ್ರವಾಸಿಗರು ತಿರುಗಿ ನೋಡಿದರು. ಸೌಮ್ಯ ದುಪಟ್ಟಾ ಮೇಲೆ ಎಳೆದುಕೊಂಡಳು.

"ಆಪರೇಷನ್ ಅಂದ್ರೆ ಹತ್ತಿಪ್ಪತ್ ದಿನ ವಾರ್ಡಲ್ಲಿ ಮಲಗ್ಬೇಕು ಚಿಕ್ಕವ್ವ. ಎಡಗೈ ಆಡಲ್ವಂತೆ. ನೋಡಕ್ ಬರೋರು ಬತ್ತಾನೇ ಇರ್ತಾರೆ. ಸಿದ್ದಮ್ಮ ಬತ್ತಾಳೆ, ಪಿರಿಯಾಪಟ್ಣದೋರೂ ಬತ್ತಾರೆ. ಅವ್ವನ್ನ ಹೆಂಗ್ ನೋಡಿದ್ರು ಅಂತ ನಾನು ನೋಡಿವ್ನಿ. ಅವ್ವಂಗೆ ಪ್ರಜ್ಞೆ ಇರ್ಲಿಲ್ಲ. ನಂಗಿರ್ತದೆ." ರೊಟ್ಟಿಯನ್ನು ಬುತ್ತಿಗೆ ಹಿಂದಿಟ್ಟು, "ಇನ್ನೆರಡೇ ಸಾರಿ. ಮಾರ್ಚಿಗೆ ಮುಗೀತದೆ. ಮುಗಿದ್ ಮಾರನೇ ದಿನ ಹೋಗಿ ಅಡ್ಮಿಟ್ ಆಯ್ತೀನಿ. ಅಪ್ಪಂಗೆ ಹೇಳ್ಬ್ಯಾಡ. ಅವ್ವನಾಣೆ" ಎಂದಳು.

ಆಗ ಅವಳ ಕೈ ಹಿಡಿದು ಎಳೆದುಕೊಂಡು ಮೈಸೂರಿನ ಬಸ್ಸು ಹತ್ತಿಸಬೇಕಿತ್ತು. ಮೂವತ್ತೆರಡು ವರ್ಷ ಪರರ ಮಕ್ಕಳನ್ನು ಕಿವಿ ಹಿಂಡಿ ದಾರಿಗೆ ತಂದವಳು ನಾನು. ಅವತ್ತು ಕೈ ಏಳಲಿಲ್ಲ. ಅವಳು ಹೇಳಿದ ಆ ನೋಟಕ್ಕೆ ನಾನೇ ದಾರಿ ಮಾಡಿಕೊಟ್ಟವಳಲ್ಲವೇ? ನನಗೆ ನಾಚಿಕೆಯಾಯಿತು, ನಾಚಿಕೆಯಲ್ಲಿ ಹೂಂ ಎಂದುಬಿಟ್ಟೆ. ಮೊದಲನೆಯ ತಪ್ಪು ಸಿಟ್ಟಿನಲ್ಲಿ ಆಯಿತು, ಎರಡನೆಯದು ನಾಚಿಕೆಯಲ್ಲಿ. ಎರಡರಲ್ಲಿ ಯಾವುದು ದೊಡ್ಡದು ಎಂದು ಇವತ್ತಿಗೂ ತೀರ್ಮಾನಿಸಲಾಗಿಲ್ಲ.

ಐದನೇ ಸಲ ಎಲ್ಲಿಗೆ ಹೋದೆವು ಎಂಬುದೇ ಮರೆತಿದೆ. ಅವಳು ನಡೆಯುವುದು ನಿಧಾನವಾಗಿತ್ತು. ಮಡಿಕೇರಿಯ ಏರುದಾರಿಗಳಲ್ಲಿ ನಾನು, ಅರವತ್ತೈದರವಳು, ನಿಂತು ಅವಳಿಗೆ ಕಾಯುತ್ತಿದ್ದೆ.

ಆರನೇ ಸಲ ಮಾರ್ಚಿ ತಿಂಗಳು. ಸೌಮ್ಯ ಹೊಸ ಚೂಡಿದಾರ ಹಾಕಿಕೊಂಡಿದ್ದಳು. ಅವತ್ತು ಲೇಸರ್ ಹಿಡಿಯುವ ಮುಂಚೆ ಡಾಕ್ಟರಮ್ಮನೇ ಬಂದರು. ದೀಪದ ಭೂತಗನ್ನಡಿ ತಂದು ಗಲ್ಲದ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು.

"ಶೇವ್ ಮಾಡಿದ್ದಲ್ಲ ಇದು. ಒಂದು ಬೇರೂ ಇಲ್ಲ ಇಲ್ಲಿ. ಕಿತ್ತಿದ್ದೀರ ಅಲ್ವಾ?"

ಸೌಮ್ಯ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಎಲ್ಲಾ ಸಾರಿನೂ?"

ಕಪ್ಪು ಕನ್ನಡಕದೊಳಗಿಂದ ತಲೆ ಸ್ವಲ್ಪ ಆಡಿತು.

ಡಾಕ್ಟರಮ್ಮ ಬಯ್ಯಲಿಲ್ಲ. ಬೇರೇ ಇಲ್ಲದ ಮೇಲೆ ಬೆಳಕು ಯಾವುದನ್ನು ಸುಡಬೇಕು, ಈವರೆಗೆ ಆದದ್ದೆಲ್ಲ ವ್ಯರ್ಥ, ಮೊದಲಿಂದ ಶುರು ಮಾಡಬೇಕು, ಈ ಸಲವಾದರೂ ಹೇಳಿದ ಹಾಗೆ ಕೇಳಿ ಎಂದರು. ಆಶ್ರಿತಾ ಕಣ್ಣಲ್ಲಿ ನೀರು ಹಾಕಿಕೊಂಡಳು, ಪಾಪದ ಹುಡುಗಿ, ತಾನೇ ನೋಡಬೇಕಿತ್ತು ಎಂದು.

ಓಂಕಾರೇಶ್ವರ ದೇವಸ್ಥಾನದ ಕೊಳದ ಹತ್ತಿರ ನೆರಳಿನಲ್ಲಿ ಕೂತೆವು. ಅವತ್ತು ಮುಖ ಕೆಂಪಾಗಿರಲಿಲ್ಲ, ಕಾಯುವ ಅಗತ್ಯವೂ ಇರಲಿಲ್ಲ, ಆದರೂ ಕೂತೆವು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

"ಆ ಹುಡುಗಿ ಮೊದಲ್ನೇ ದಿನವೇ ಹೇಳಿದ್ಲಲ್ಲೇ, ಶೇವ್ ಮಾಡ್ಕಂಡ್ ಬಾ, ಕೀಳ್ಬ್ಯಾಡ ಅಂತ! ತಲೆ ಆಡಿಸ್ದೆ. ಆರು ಸಾರಿ ಸುಳ್ ಹೇಳ್ದೆ. ಯಾಕೆ? ಬ್ಲೇಡ್ ಹಿಡಿಯಕ್ಕೆ ಕೈಗೆ ಏನಾಗಿತ್ತು?"

ಸೌಮ್ಯ ನನ್ನ ಕಡೆ ತಿರುಗಿದಳು. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

"ನೀನೇ ಹೇಳಿದ್ದಲ್ವ ಚಿಕ್ಕವ್ವ, ಹೆಣ್ಣಿನ ಮುಖಕ್ಕೆ ಬ್ಲೇಡ್ ತಾಗಿಸಬಾರ್ದು ಅಂತ. ಬ್ಲೇಡ್ ಹಿಡಿಯಂಗಿದ್ದಿದ್ರೆ ಮಡಿಕೇರಿಗ್ಯಾಕ್ ಬತ್ತಿದ್ದೆ? ಒಂದ್ ಸಾರಿ ಅಪ್ಪನ ಶೇವಿಂಗ್ ಸೆಟ್ಟು ತಗಂಡೆ. ಅವ್ವ ಕಣ್ಮುಂದೆ ಬಂದಂಗಾಯ್ತು, ವಾಪಸ್ ಇಟ್ಬಿಟ್ಟೆ. ಬೂದೀಲಿ ಕಿತ್ಕಂಡ್ರೂ ಒಂದೇ ಅಲ್ವಾ, ನುಣ್ಣಗಿದ್ರೆ ಆಯ್ತು ಅನ್ಕಂಡೆ. ಗಡ್ಡ ಬಿಟ್ಕಂಡು ಡಾಕ್ಟ್ರ ಮುಂದೆ ಹೋಗಕ್ಕೂ ಆಗ್ಲಿಲ್ಲ."

ಅವಳ ಬೆರಳ ತುದಿಗಳನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಹಿಂದಿನ ದಿನದ ಬೂದಿ ಇನ್ನೂ ಇತ್ತು. ಅವತ್ತು ನಾನು ಆಡಿದ ಒಂದು ಮಾತೇ ಸಾಕಾಗಿತ್ತು.

ಅವಳು ಹೇಳಿದ ಹಾಗೆ ಮಾರನೆಯ ದಿನವೇ ಮೈಸೂರಿಗೆ ಕರೆದುಕೊಂಡು ಹೋದೆ. ಈ ಸಲ ಭಾವನಿಗೂ ಗಂಟಿನ ವಿಷಯ ಹೇಳಿದೆವು, ಅವರೂ ಬಂದರು. ದೊಡ್ಡ ಡಾಕ್ಟರು ಎಕ್ಸ್‌ರೇ ಫೋಟೊಗಳನ್ನು ದೀಪಕ್ಕೆ ಹಿಡಿದು, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಏನೆಂದು ಹೇಳುವುದು, ಮಡಿಕೇರಿ ನೋಡುತ್ತಿದ್ದೆವು ಎಂದೇ? ಗಂಟು ಶ್ವಾಸಕೋಶಕ್ಕೂ ಹೋಗಿತ್ತು. ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು. ಬೇರೆ ಔಷಧಿ ಕೊಟ್ಟರು. ಮಿಲ್ಲಿಗೆ ಬೀಗ ಬಿತ್ತು. ಮೇ ತಿಂಗಳ ಕೊನೆಯಲ್ಲಿ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿತು, ಮತ್ತೆ ವಾರ್ಡಿಗೆ ಸೇರಿಸಿದೆವು.

ಮೂರನೇ ದಿನ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆ ಗಲ್ಲದವರೆಗೆ ಎಳೆದುಕೊಂಡಿದ್ದಳು. ಸೆಕೆಗೆ ಬೆವರು ಇಳಿಯುತ್ತಿತ್ತು. ಆಮ್ಲಜನಕದ ಮಾಸ್ಕು ಸರಿಯಾಗಿ ಕೂತಿರಲಿಲ್ಲ. ನಾನು ಹತ್ತಿರ ಕೂತ ಮೇಲೆ, ಮಾಸ್ಕು ಎತ್ತಿ, ಒಂದೊಂದೇ ಪದ ಹೇಳಿದಳು.

"ಚಿಕ್ಕವ್ವ. ಮಧ್ಯಾಹ್ನ ಸಿದ್ದಮ್ಮ ಬತ್ತಾಳಂತೆ. ಬ್ಲೇಡ್ ತತ್ತಿಯಾ?"

ಅಂಗಡಿಗೆ ಹೋಗೋಣವೆಂದು ಕೆಳಗಿಳಿದೆ. ಬಾಗಿಲ ಬಳಿಯ ಬೆಂಚಿನ ಮೇಲೆ ಭಾವ ಸಣ್ಣಸ್ವಾಮಿ ಕೂತಿದ್ದರು. ನನ್ನ ಮುಖ ನೋಡಿದರು. ನಾನು ಏನೂ ಹೇಳುವ ಮುಂಚೆ ಅಂಗಿಯ ಜೇಬಿನಿಂದ ಪೇಪರ್ ಸುತ್ತಿದ ಒಂದು ವಸ್ತು ತೆಗೆದು ಕೊಟ್ಟರು. ಅವರ ಶೇವಿಂಗ್ ಸೆಟ್ಟು. "ಹೊಸಾ ಬ್ಲೇಡ್ ಹಾಕಿವ್ನಿ ಟೀಚರಮ್ಮ" ಎಂದರು. ನಾನು ತೆಗೆದುಕೊಂಡು ಮೇಲೆ ಹೋದೆ. ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವಷ್ಟು ತಾಳ್ಮೆ ಆಗ ಇರಲಿಲ್ಲ.

ಪರದೆ ಎಳೆದೆ. ಬಟ್ಟಲಲ್ಲಿ ನೀರು, ಸೋಪು. ಒಂದು ದವಡೆ, ಗಲ್ಲದ ಕೆಳಗೆ, ಇನ್ನೊಂದು ದವಡೆ. ಬಟ್ಟೆಯಲ್ಲಿ ಒರೆಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಮಂಚದ ಮುದುಕಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಪರದೆಯ ಸಂದಿಯಿಂದ ನೋಡಿ, "ನೀರು ಬಿಸಿ ಬೇಕಿತ್ತಾ ಅಕ್ಕ? ಫ್ಲಾಸ್ಕಲ್ಲೈತೆ" ಎಂದಳು, ಅಷ್ಟೇ. ಮಳೆ ಬೀಳಲಿಲ್ಲ, ಸಿಡಿಲು ಹೊಡೆಯಲಿಲ್ಲ. ಸೌಮ್ಯ ತನ್ನ ಗಲ್ಲವನ್ನು ಬಲಗೈಯಲ್ಲಿ ಸವರಿಕೊಂಡಳು. ಮತ್ತೊಮ್ಮೆ ಸವರಿಕೊಂಡಳು.

"ಇಷ್ಟೇನಾ?" ಎಂದಳು.

ಅವತ್ತು ಅವಳು ಹೊದಿಕೆಯನ್ನು ಸೊಂಟದವರೆಗೆ ಇಳಿಸಿ, ಮಾಸ್ಕು ಸರಿಯಾಗಿ ಹಾಕಿಸಿಕೊಂಡು, ಸಿದ್ದಮ್ಮ ಬಂದಾಗ ನೇರವಾಗಿ ಅವಳ ಮುಖ ನೋಡಿ ಮಲಗಿದ್ದಳು. ಆಮೇಲೆ ಎಂಟು ದಿನ, ದಿನಾ ಬೆಳಿಗ್ಗೆ, ನಾನು ಅವಳ ಮುಖ ಹೆರೆದೆ. ಒಂಬತ್ತನೆಯ ಬೆಳಿಗ್ಗೆ ಡಾಕ್ಟರು ಬಂದು ನೋಡಿ, ಮಾಸ್ಕು ತೆಗೆದು ಹೋದರು. ಕೆಳಗೆ ಹೋಗಿ ಭಾವನಿಗೆ ಹೇಳುವ ಮುಂಚೆ ಪರದೆ ಎಳೆದು ಇನ್ನೊಂದು ಸಲ ಹೆರೆದೆ.

ಮನೆ ಅಂಗಳದಲ್ಲಿ ನೀರು ಹೊಯ್ಯುವಾಗ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಬಗ್ಗಿ ನೋಡಿದರು. ಸಿದ್ದಮ್ಮ ನನ್ನ ಪಕ್ಕಕ್ಕೆ ಬಂದು, "ಎಷ್ಟ್ ಲಕ್ಷಣವಾಗ್ ಮಲಗವ್ಳೆ. ಅವ್ವಂಗಿದ್ದಂಗೆ ಇವಳಿಗಿರ್ಲಿಲ್ಲ, ಸದ್ಯ" ಎಂದಳು.

"ಇರ್ಲಿಲ್ಲ" ಎಂದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಸೆಟ್ಟನ್ನು ತೊಳೆದು, ಒರೆಸಿ, ಹಿಂದಿರುಗಿಸಲು ಹೋದೆ. ಭಾವ ಬೀಗ ಹಾಕಿದ ಮಿಲ್ಲಿನ ಮೆಟ್ಟಿಲ ಮೇಲೆ ಕೂತಿದ್ದರು. ಇಪ್ಪತ್ತು ದಿನದ ಬಿಳಿ ಗಡ್ಡ ಬೆಳೆದಿತ್ತು. ಸೆಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಮುತ್ತಮ್ಮ ಹೋದಾಗ್ಲೂ ಇದು ಜೋಬಲ್ಲೇ ಇತ್ತು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಮುಖ ನೋಡದೆ ಮುಂದುವರಿಸಿದರು.

"ಆಸ್ಪತ್ರೆಯಿಂದ ಕರ್ಕಂಡ್ ಬರುವಾಗ್ಲೇ ಅನ್ಕಂಡಿದ್ದೆ, ಮನೇಲಿ ಯಾರಾದ್ರೂ ಹೆಂಗಸ್ರ ಕೈಲಿ ಕೊಡನ ಅಂತ. ಬಾಗಲಾಚೇಲೇ ನಿಂತಿದ್ದೆ. ಮಗಳು ನಿನ್ ಕಿವಿ ತಾವ ಬಗ್ಗಿದ್ದು ಕಾಣಿಸ್ತು, ಬ್ಲೇಡ್ ಕೇಳ್ತಾವ್ಳೆ ಅಂತ ಗೊತ್ತಾಯ್ತು. ಕೊಡನ ಅಂತ ಜೋಬಿಗೆ ಕೈ ಹಾಕಿದ್ದೆ. ಅಷ್ಟ್ರಲ್ಲಿ ನೀನು ಬ್ಯಾಡ ಅಂದೆ. ಓದಿದೋಳು, ನಿಂಗ್ ಗೊತ್ತಿರ್ತದೆ ಅಂತ ಸುಮ್ನಾದೆ."

ಅವರು ಸೆಟ್ಟನ್ನು ಮತ್ತೆ ಅದೇ ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ನಾನು ಮೆಟ್ಟಿಲ ಕೆಳಗೆ ನಿಂತೇ ಇದ್ದೆ.